ಗಬ್ಬ ನಿಲ್ಲದ ಹಸು: ಕಾರಣ ಹುಡುಕಬೇಕಾದ ಜಾಗ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಯಾವ ಹಾಲಿನ ಡೇರಿಯ ಮುಂದೆ ಬೆಳಗ್ಗೆ ನಿಂತರೂ ಹಾಲಿನ ರೇಟು, ಫ್ಯಾಟು, ಬೂಸಾದ ಬೆಲೆಯ ಮಾತು ಮುಗಿದ ಮೇಲೆ ಬರುವ ದೂರು ಒಂದೇ. ಸೀಮೆ ಹಸು ಬೆದೆಗೆ ಬರುತ್ತದೆ, ಸೆಮನ್ ಹಾಕಿಸುತ್ತೇವೆ, ಗಬ್ಬ ಮಾತ್ರ ನಿಲ್ಲುವುದಿಲ್ಲ. 21 ದಿನಕ್ಕೆ ಮತ್ತೆ ಬೆದೆ, ಮತ್ತೆ ಡಾಕ್ಟರು, ಮತ್ತೆ ಖರ್ಚು. ಮೂರು ನಾಲ್ಕು ಸಲ ಹೀಗಾದರೆ ಆ ಹಸು ಮನೆಗೆ ಭಾರವಾಗುತ್ತದೆ. ಮೇವು ತಿನ್ನುವುದನ್ನು ಅದು ನಿಲ್ಲಿಸುವುದಿಲ್ಲ, ಹಾಲು ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತದೆ. ಕೊನೆಗೆ ಸಂತೆಯ ದಾರಿ. ತಪ್ಪು ಯಾರದೆಂದು ಕೇಳಿದರೆ ಕೆಲವರು ಸೆಮನ್ ಸರಿಯಿಲ್ಲ ಎನ್ನುತ್ತಾರೆ, ಕೆಲವರು ಹಾಕಿದವರ ಕೈ ಸರಿಯಿಲ್ಲ ಎನ್ನುತ್ತಾರೆ, ಉಳಿದವರು ಹಸುವಿನ ಹಣೆಬರಹಕ್ಕೆ ಬಿಡುತ್ತಾರೆ.

ಸೆಮನ್ನಿನಲ್ಲಿ, ಹಾಕುವ ಹೊತ್ತಿನಲ್ಲಿ, ಗರ್ಭಕೋಶದ ಸೋಂಕಿನಲ್ಲಿ ತೊಂದರೆ ಇರುವುದುಂಟು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಕಳೆದ ಮೂವತ್ತು ವರ್ಷಗಳ ಸಂಶೋಧನೆ ಇನ್ನೊಂದು ಕಡೆಗೂ ಕೈ ತೋರಿಸುತ್ತಿದೆ. ಇವತ್ತು ಅಂಡಾಶಯದಿಂದ ಹೊರಬಂದ ಅಂಡಾಣು ಬೆಳೆಯಲು ಶುರುವಾದದ್ದು ತಿಂಗಳುಗಳ ಹಿಂದೆ. ಆ ಅಂಡಾಣುಗಳ ದಾಸ್ತಾನು ಎಷ್ಟೆಂದು ತೀರ್ಮಾನವಾದದ್ದು ಆ ಹಸು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ. ಹಾಗಿದ್ದರೆ 2023ರ ಬರವನ್ನೂ 2024ರ ಬಿಸಿಲನ್ನೂ ಹೊಟ್ಟೆಯೊಳಗಿದ್ದೇ ಕಂಡ ಹೆಣ್ಣುಕರುಗಳ ಲೆಕ್ಕ ನಮ್ಮ ಕೊಟ್ಟಿಗೆಗಳಲ್ಲಿ ಇನ್ನು ಬಿಚ್ಚಿಕೊಳ್ಳಬೇಕಿದೆ. ಈ ಲೇಖನ ಆ ಕಡಸುಗಳ ಬಗ್ಗೆ.

ಅಂಡಾಶಯದ ಒಳಗೆ ಅಂಡಾಣು ಎಂದೂ ಒಂಟಿಯಾಗಿ ಇರುವುದಿಲ್ಲ. ಅದರ ಸುತ್ತ ಗ್ರಾನ್ಯುಲೋಸ ಎಂಬ ಜೀವಕೋಶಗಳ ಪದರ, ಅದರ ಹೊರಗೆ ಥೀಕ ಎಂಬ ಇನ್ನೊಂದು ಪದರ. ಇವೆಲ್ಲ ಸೇರಿದ ಪುಟ್ಟ ಗುಳ್ಳೆಯೇ ಫಾಲಿಕಲ್. ಪಶುವೈದ್ಯರು ಗುದದ್ವಾರದಿಂದ ಕೈ ಹಾಕಿ ಮುಟ್ಟಿ ನೋಡಿ "ಫಾಲಿಕಲ್ ಇದೆ" ಎನ್ನುವುದು ಇದನ್ನೇ. ಗ್ರಾನ್ಯುಲೋಸ ಕೋಶಗಳು ಸೂಕ್ಷ್ಮವಾದ ಚಾಚುಗಳನ್ನು ಅಂಡಾಣುವಿನ ಗಟ್ಟಿ ಹೊದಿಕೆಯ ಮೂಲಕ ತೂರಿಸಿ ಅದರ ಮೈಗೆ ತಾಗಿಸುತ್ತವೆ. ತಾಗಿದ ಜಾಗದಲ್ಲಿ ಕನೆಕ್ಸಿನ್ ಎಂಬ ಪ್ರೋಟೀನಿನಿಂದಾದ ಕಿರು ಕೊಳವೆಗಳಿವೆ. ಅಂಡಾಣುವಿಗೆ ಸಕ್ಕರೆಯನ್ನು ತಾನೇ ಒಡೆದು ಬಳಸುವ ಶಕ್ತಿ ತೀರಾ ಕಡಿಮೆ. ಸುತ್ತಲಿನ ಕೋಶಗಳು ಸಕ್ಕರೆಯನ್ನು ಪೈರುವೇಟ್ ಮಾಡಿ ಕೊಟ್ಟರೆ ಮಾತ್ರ ಅದು ಬದುಕುತ್ತದೆ. 1997ರಲ್ಲಿ ಕನೆಕ್ಸಿನ್ 37 ಇಲ್ಲದ ಇಲಿಗಳನ್ನು ರೂಪಿಸಿ ನೋಡಿದಾಗ ಫಾಲಿಕಲ್ ಪೂರ್ತಿ ಬಲಿಯಲಿಲ್ಲ, ಇಲಿಗಳು ಬಂಜೆಯಾದವು. ಕೊಳವೆ ಒಂದು ಕಡಿದರೆ ಎಲ್ಲವೂ ನಿಂತಂತೆ.

ಬಹಳ ಕಾಲ ವಿಜ್ಞಾನಿಗಳು ಅಂಡಾಣು ಸುಮ್ಮನೆ ಕೂತು ಉಣ್ಣುವ ಜೀವ ಎಂದೇ ಭಾವಿಸಿದ್ದರು. ಅದು ತಪ್ಪೆಂದು 1996ರಲ್ಲಿ ಗೊತ್ತಾಯಿತು. ಅಂಡಾಣು ತಾನೇ ಜಿಡಿಎಫ್-9 ಎಂಬ ಪ್ರೋಟೀನ್ ಸ್ರವಿಸಿ ಸುತ್ತಲಿನ ಕೋಶಗಳನ್ನು ಬೆಳೆಸುತ್ತದೆ. ಆ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಫಾಲಿಕಲ್ ಮೊದಲ ಹಂತದಲ್ಲೇ ನಿಂತುಬಿಡುತ್ತದೆ. 2002ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಜಾನ್ ಎಪ್ಪಿಗ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರ್ಧ ಬೆಳೆದ ಅಂಡಾಣುವನ್ನು ತೀರಾ ಎಳೆಯ ಫಾಲಿಕಲ್ಲಿನ ಕೋಶಗಳ ನಡುವೆ ಇಟ್ಟಾಗ ಆ ಫಾಲಿಕಲ್ ಎಂದಿನ ವೇಗಕ್ಕಿಂತ ಎರಡು ಪಟ್ಟು ಬೇಗ ಬೆಳೆಯಿತು. ಗತಿ ಹೇಳುವುದು ಅಂಡಾಣು, ಉಣಿಸಿ ಕಾಯುವುದು ಗ್ರಾನ್ಯುಲೋಸ. ಹೊರಗಿನ ಥೀಕ ಕೋಶಗಳು ಎಲ್‌ಎಚ್ ಹಾರ್ಮೋನಿನ ಅಪ್ಪಣೆಗೆ ಆಂಡ್ರೊಜನ್ ತಯಾರಿಸಿ ಒಳಗೆ ಕಳಿಸುತ್ತವೆ. ಗ್ರಾನ್ಯುಲೋಸ ಕೋಶಗಳು ಎಫ್‌ಎಸ್‌ಎಚ್ ಅಪ್ಪಣೆಗೆ ಅದನ್ನು ಈಸ್ಟ್ರೋಜನ್ ಆಗಿ ಬದಲಾಯಿಸುತ್ತವೆ. ಹಸು ಕೂಗುವುದು, ಬೇರೆ ಹಸುವಿನ ಮೇಲೆ ಹತ್ತುವುದು, ಲೋಳೆ ಹಾಕುವುದು, ಒಟ್ಟಿನಲ್ಲಿ ನಾವು ಬೆದೆ ಎಂದು ಗುರುತಿಸುವ ಎಲ್ಲವೂ ಈ ಎರಡು ಪದರಗಳ ಕೂಡುದುಡಿಮೆಯ ಫಲ. ಬೆದೆ ಮಂಕಾಗಿದೆ ಎಂದರೆ ಈ ದುಡಿಮೆಯಲ್ಲಿ ಎಲ್ಲೋ ಕೊರತೆ ಬಿದ್ದಿದೆ ಎಂದು ಅನುಮಾನಿಸಬೇಕು.

ಹಸುವಿನಲ್ಲಿ ಒಂದು ಬೆದೆಯಿಂದ ಇನ್ನೊಂದು ಬೆದೆಯೊಳಗೆ ಫಾಲಿಕಲ್‌ಗಳು ಎರಡು ಇಲ್ಲವೇ ಮೂರು ಅಲೆಗಳಾಗಿ ಏಳುತ್ತವೆ. ಪ್ರತಿ ಅಲೆಯಲ್ಲೂ ಹಲವು ಫಾಲಿಕಲ್‌ಗಳು ಒಟ್ಟಿಗೆ ಹೊರಡುತ್ತವೆ. ಸುಮಾರು 8 ಮಿಲಿಮೀಟರ್ ದಾಟಿದ ಒಂದು ಮಾತ್ರ ಮುಂದೆ ಹೋಗುತ್ತದೆ. ಅದು ಸುರಿಸುವ ಈಸ್ಟ್ರೋಜನ್, ಇನ್‌ಹಿಬಿನ್‌ಗಳು ಎಫ್‌ಎಸ್‌ಎಚ್ ಅನ್ನು ತಗ್ಗಿಸಿ ಉಳಿದವನ್ನು ಒಣಗಿಸುತ್ತವೆ. ಕಣ್ಣಿಗೆ ಕಾಣದ ಗಾತ್ರದಿಂದ ಅಂಡ ಬಿಡುಗಡೆಯ ಗಾತ್ರಕ್ಕೆ ಬರಲು ಒಂದು ಫಾಲಿಕಲ್ಲಿಗೆ ಆರು ವಾರ ಬೇಕು. ಅದಕ್ಕಿಂತ ಹಿಂದಿನ, ಒಳಗೆ ನೀರು ತುಂಬಿಕೊಳ್ಳದ ಹಂತ ಇನ್ನೂ ಹಲವು ತಿಂಗಳದು.

ಈ ಆರು ವಾರದ ಲೆಕ್ಕ ಕೋಲಾರಕ್ಕೆ ಏಕೆ ಮುಖ್ಯ ಎಂದು ನೋಡಿ. ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ಡೇವಿಡ್ ವುಲ್ಫೆನ್ಸನ್, ಝ್ವಿ ರೋತ್ ಮತ್ತು ಜೊತೆಗಾರರು ಎಚ್‌ಎಫ್ ಹಸುಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಬಿಸಿಲಿಗೆ ಬಳಲಿದ ಹಸುವಿನಲ್ಲಿ ಥೀಕ ಕೋಶಗಳು ಆಂಡ್ರೊಜನ್ ಕಡಿಮೆ ಮಾಡುತ್ತವೆ, ಗ್ರಾನ್ಯುಲೋಸ ಕೋಶಗಳ ಈಸ್ಟ್ರೋಜನ್ ಇಳಿಯುತ್ತದೆ, ಮುಂದಿರುವ ಫಾಲಿಕಲ್ಲಿಗೆ ಉಳಿದವನ್ನು ತಡೆಯುವ ಬಲ ಸಾಲದೆ ಹೋಗುತ್ತದೆ. ಅದಕ್ಕಿಂತ ಕಳವಳ ತರುವ ಸಂಗತಿ ಇನ್ನೊಂದಿದೆ. ಬೇಸಿಗೆ ಕಳೆದು ತಂಪಾದ ಮೇಲೂ ಹಸುಗಳು ಕೂಡಲೇ ಸರಿಹೋಗಲಿಲ್ಲ. ಬಿಸಿಲಿನಲ್ಲಿ ಕೆಟ್ಟಿದ್ದ ಎಳೆಯ ಫಾಲಿಕಲ್‌ಗಳು ಬಲಿತು ಹೊರಬಿದ್ದು ಮುಗಿಯುವ ತನಕ, ಅಂದರೆ ಎರಡು ಮೂರು ಬೆದೆ ಕಳೆಯುವ ತನಕ, ಅಂಡಾಣುಗಳ ಗುಣ ಸುಧಾರಿಸಲಿಲ್ಲ. 2001ರಲ್ಲಿ ರೋತ್ ತಂಡ ಅಂಥ ಫಾಲಿಕಲ್‌ಗಳನ್ನು ಸೂಜಿಯಿಂದ ಹೀರಿ ತೆಗೆದಾಗ ಒಳ್ಳೆಯ ಅಂಡಾಣುಗಳು ಬೇಗ ಕಾಣಿಸಿಕೊಂಡವು. ಕೆಟ್ಟ ಸಾಮಾನು ಒಳಗೇ ಕೂತಿತ್ತು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ.

ನಮ್ಮ ಬಯಲುಸೀಮೆ ತಂಪು ಎನ್ನುವ ನಂಬಿಕೆ ಇನ್ನೂ ಉಳಿದಿದೆ. ಪಕ್ಕದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ದಾಖಲಾಯಿತು. ಕೋಲಾರದ ಬಹುಪಾಲು ಸೀಮೆ ಹಸುಗಳು ಆ ಮಧ್ಯಾಹ್ನಗಳನ್ನು ಶೀಟು ಹೊದಿಸಿದ ತಗ್ಗು ಕೊಟ್ಟಿಗೆಯಲ್ಲಿ ಕಳೆದಿವೆ. ಏಪ್ರಿಲ್, ಮೇ ತಿಂಗಳಲ್ಲಿ ಪೆಟ್ಟು ತಿಂದ ಫಾಲಿಕಲ್ ಜೂನ್, ಜುಲೈನ ಬೆದೆಗೆ ಬರುತ್ತದೆ. ಮಳೆ ಬಿದ್ದಿದೆ, ಹಸಿ ಮೇವು ಸಿಕ್ಕಿದೆ, ಹಸು ಚೆನ್ನಾಗಿ ಕಾಣುತ್ತದೆ. ಆದರೂ ಗಬ್ಬ ನಿಲ್ಲುವುದಿಲ್ಲ. ರೈತ ಆ ಹೊತ್ತಿಗೆ ಬಿಸಿಲನ್ನು ಮರೆತಿರುತ್ತಾನೆ. ಕೃತಕ ಗರ್ಭಧಾರಣೆಯ ಪುಸ್ತಕದಲ್ಲಿ ಜುಲೈನ ಸೋಲು ಮಾತ್ರ ದಾಖಲಾಗುತ್ತದೆ, ಏಪ್ರಿಲ್‌ನ ಕಾರಣ ಎಲ್ಲಿಯೂ ದಾಖಲಾಗುವುದಿಲ್ಲ.

ಬೆಳೆದ ಹಸುವಿಗೆ ಬಿದ್ದ ಬಿಸಿಲಿನ ಪೆಟ್ಟು ವರ್ಷದೊಳಗೆ ವಾಸಿಯಾಗುವಂಥದು. ಹೊಟ್ಟೆಯೊಳಗಿನ ಕರುವಿಗೆ ಬಿದ್ದ ಹಸಿವಿನ ಪೆಟ್ಟು ಹಾಗಲ್ಲ.

ಹೆಣ್ಣುಕರು ಗರ್ಭದಲ್ಲಿ ಸುಮಾರು 110 ದಿನದ್ದಾಗಿರುವಾಗ ಅದರ ಅಂಡಾಶಯಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಂಡ ಮೂಲಕೋಶಗಳಿರುತ್ತವೆ. ಹುಟ್ಟುವ ಹೊತ್ತಿಗೆ ಉಳಿಯುವುದು ಒಂದು ಲಕ್ಷದ ಆಸುಪಾಸು. ಯಾವ ಅಂಡಾಣುವನ್ನು ಗ್ರಾನ್ಯುಲೋಸ ಕೋಶಗಳು ಸುತ್ತುವರಿದು ತಮ್ಮದಾಗಿಸಿಕೊಳ್ಳುತ್ತವೋ ಅದು ಉಳಿಯುತ್ತದೆ, ಉಳಿದವು ಸಾಯುತ್ತವೆ. ಆಮೇಲೆ ಸೇರ್ಪಡೆ ಇಲ್ಲ, ಬರೀ ಖರ್ಚು. ಐರ್ಲೆಂಡಿನಲ್ಲಿ ಫ್ರಾನ್ಸೆಸ್ಕಾ ಮೊಸ್ಸಾ, ಅಲೆಕ್ಸಾಂಡರ್ ಇವಾನ್ಸ್ ಮತ್ತು ಅಮೆರಿಕದ ಜೇಮ್ಸ್ ಐರ್ಲೆಂಡ್ ಮಾಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಗಬ್ಬದ ಮೊದಲ ಮೂರು ಮುಕ್ಕಾಲು ತಿಂಗಳು ಕಡಸುಗಳಿಗೆ ಮೈ ಕಾಪಾಡಿಕೊಳ್ಳಲು ಬೇಕಾದುದರಲ್ಲಿ ಶೇ 60ರಷ್ಟೇ ಆಹಾರ ಕೊಟ್ಟರು, ಆಮೇಲೆ ಹೊಟ್ಟೆತುಂಬ ಕೊಟ್ಟರು. ಹುಟ್ಟಿದ ಕರುಗಳ ತೂಕದಲ್ಲಿ, ಬೆಳವಣಿಗೆಯಲ್ಲಿ ಕುಂದು ಕಾಣಲಿಲ್ಲ. ಆದರೆ ಹೆಣ್ಣುಕರುಗಳನ್ನು ಸ್ಕ್ಯಾನ್ ಮಾಡಿ ಎಣಿಸಿದಾಗ ಫಾಲಿಕಲ್‌ಗಳ ಸಂಖ್ಯೆ ಶೇ 60ರಷ್ಟು ಕಡಿಮೆ ಇತ್ತು.

ಈಗ 2023ನ್ನು ನೆನೆಯಿರಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ. ರಾಗಿ ತೆನೆ ಕಟ್ಟದ ಹೊಲಗಳಲ್ಲಿ ಹುಲ್ಲೂ ಸರಿಯಾಗಿ ಆಗಲಿಲ್ಲ. ಹಾಲು ಕೊಡುವ ಹಸುವಿಗೆ ಹಿಂಡಿ, ಬೂಸಾ ಹೇಗೋ ಹೊಂದಿಸುತ್ತೇವೆ, ಏಕೆಂದರೆ ಆ ಹಸುವಿನ ಹಾಲಿನ ದುಡ್ಡೇ ಮನೆ ನಡೆಸುತ್ತದೆ. ಹಾಲಿಲ್ಲದ, ಗಬ್ಬದ ಮೊದಲ ತಿಂಗಳುಗಳಲ್ಲಿರುವ ಕಡಸಿಗೆ ಸಿಗುವುದು ಉಳಿದ ಒಣಹುಲ್ಲು. ಬಡತನದಲ್ಲಿ ಇದು ಸಹಜವಾದ ಆಯ್ಕೆ, ರೈತನನ್ನು ದೂರುವಂತಿಲ್ಲ. ಆದರೆ ಐರ್ಲೆಂಡಿನ ಪ್ರಯೋಗ ಹೇಳುವ ಪ್ರಕಾರ ಅಪಾಯ ಇರುವುದು ಸರಿಯಾಗಿ ಆ ತಿಂಗಳುಗಳಲ್ಲೇ. ಆ ಬರದಲ್ಲಿ ಗಬ್ಬ ಕಟ್ಟಿ 2024ರಲ್ಲಿ ಹುಟ್ಟಿದ ಹೆಣ್ಣುಕರುಗಳು 2025ರ ಕೊನೆಯಿಂದ 2026ರ ಉದ್ದಕ್ಕೂ ಮೊದಲ ಬೆದೆಗೆ ಬರುವ ಕಡಸುಗಳು. ನೋಡಲು ಅವು ಚೆನ್ನಾಗಿಯೇ ಇರುತ್ತವೆ. ಬೆಲೆ ಕಟ್ಟಿ ಕೊಳ್ಳುವವರ ಕಣ್ಣಿಗೆ ಅಂಡಾಶಯ ಕಾಣುವುದಿಲ್ಲ.

ಕರು ಹಾಕಿದ ಹೊಸತರಲ್ಲಿ ಹೆಚ್ಚು ಹಾಲು ಕರೆಯುವ ಹಸುವಿಗೂ ಇಂಥದೇ ಒಂದು ಹಸಿವಿದೆ. ತಿಂದದ್ದಕ್ಕಿಂತ ಹೆಚ್ಚು ಹಾಲಿನಲ್ಲಿ ಹೋಗಿ, ಮೈಯ ಕೊಬ್ಬು ಕರಗಿ, ಆ ಕೊಬ್ಬಿನಾಮ್ಲಗಳು ಫಾಲಿಕಲ್ಲಿನ ದ್ರವದವರೆಗೂ ತಲುಪುತ್ತವೆ. ಬೆಲ್ಜಿಯಂನ ಜೋ ಲೆರಾಯ್ ತಂಡ 2005ರಲ್ಲಿ ಅದೇ ಪ್ರಮಾಣದ ಕೊಬ್ಬಿನಾಮ್ಲಗಳಿಂದ ಅಂಡಾಣುವೂ ಸುತ್ತಲಿನ ಕೋಶಗಳೂ ಹಾಳಾಗುವುದನ್ನು ತೋರಿಸಿತು. ಹೆಚ್ಚು ಲೀಟರಿನ ಹಸುವನ್ನೇ ಹುಡುಕಿ ತರುವ ನಮ್ಮ ಆಸೆಗೆ ತೆರುವ ಬೆಲೆ ಇದು.

ಇನ್ನು ಕೆರೆಯ ನೀರಿನ ಮಾತು. ಇಲ್ಲಿ ಎಚ್ಚರದಿಂದ ಮಾತಾಡಬೇಕು.

ಕೋರಮಂಗಲ-ಚಲ್ಲಘಟ್ಟ ಕಣಿವೆಯ, ನಾವು ಕೆ.ಸಿ. ವ್ಯಾಲಿ ಎನ್ನುವ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಗುರಿ, 120ಕ್ಕೂ ಹೆಚ್ಚು ಕೆರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ, ನರಸಾಪುರದ ಕಡೆಯ ಕೆರೆಗಳು. ಆ ವರ್ಷದ ಜುಲೈನಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಶಾಶ್ವತ ನೀರಾವರಿ ಹೋರಾಟ ಸಮಿತಿ ಮೂರನೇ ಹಂತದ ಶುದ್ಧೀಕರಣ ಕೇಳುತ್ತಾ ಬಂದಿದೆ. ಇನ್ನೊಂದು ಬದಿಯನ್ನೂ ಹೇಳಲೇಬೇಕು. ಸಾವಿರ ಅಡಿ ಕೊರೆದರೂ ನೀರು ಬಾರದಿದ್ದ ಕಡೆ ಬೋರ್‌ವೆಲ್‌ಗಳು ಮತ್ತೆ ಎತ್ತತೊಡಗಿದವು, ಕೆರೆ ಹಿಂದಿನ ಹೊಲಗಳಲ್ಲಿ ಜೋಳದ ಕಡ್ಡಿ, ಸೀಮೆ ಹುಲ್ಲು ಹಸಿರಾದವು. ಮೇಲೆ ಹೇಳಿದ ಹಸಿವಿಗೆ ಈ ಹಸಿರೇ ಮದ್ದು. ಆದ್ದರಿಂದ ನೀರು ನಿಲ್ಲಿಸಿ ಎನ್ನುವುದು ನನ್ನ ವಾದವಲ್ಲ. ನೀರಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಹೂಳಿನಲ್ಲಿ, ಏನಿದೆ ಎಂದು ಅಂಡಾಶಯದ ಕಣ್ಣಿನಿಂದ ನೋಡಿ ಎನ್ನುವುದು.

ಶುದ್ಧೀಕರಣ ಘಟಕದ ಬಾಯಲ್ಲಿ ಅಳೆಯುವುದು ಜೈವಿಕ ಆಮ್ಲಜನಕ ಬೇಡಿಕೆ, ತೇಲುಕಣ, ಮಲದ ಬ್ಯಾಕ್ಟೀರಿಯ ಮುಂತಾದವನ್ನು. ಗರ್ಭನಿರೋಧಕ ಮಾತ್ರೆಗಳಿಂದ ಬರುವ ಈಸ್ಟ್ರೋಜನ್, ಡಿಟರ್ಜೆಂಟಿನ ನೊನೈಲ್‌ಫೀನಾಲ್, ಪ್ಲಾಸ್ಟಿಕ್ಕಿನ ಬಿಸ್‌ಫೀನಾಲ್, ಥ್ಯಾಲೇಟ್ ಆ ಪಟ್ಟಿಯಲ್ಲಿಲ್ಲ. ಎರಡನೇ ಹಂತದ ಶುದ್ಧೀಕರಣ ಇವುಗಳಲ್ಲಿ ಹೆಚ್ಚಿನ ಪಾಲು ತೆಗೆಯುತ್ತದೆ, ಪೂರ್ತಿ ತೆಗೆಯುವುದಿಲ್ಲ. ಉಳಿಕೆ ಎಷ್ಟು ಅಲ್ಪವಾದರೂ ಏನು ಮಾಡಬಲ್ಲುದು ಎನ್ನುವುದಕ್ಕೆ ಕೆನಡಾದ ಒಂದು ಕೆರೆ ಸಾಕ್ಷಿ. ಅಲ್ಲಿ ಕ್ಯಾರೆನ್ ಕಿಡ್ ತಂಡ ಮೂರು ಬೇಸಿಗೆ ಲೀಟರಿಗೆ 5ರಿಂದ 6 ನ್ಯಾನೊಗ್ರಾಂ ಕೃತಕ ಈಸ್ಟ್ರೋಜನ್ ಬೆರೆಸಿತು. ಅಲ್ಲಿನ ಒಂದು ಜಾತಿಯ ಸಣ್ಣಮೀನಿನ ಗಂಡುಗಳಲ್ಲಿ ಹೆಣ್ಣಿನ ಗುಣ ಕಂಡಿತು, ಆ ಜಾತಿ ಕೆರೆಯಲ್ಲಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಹಸು ಮೀನಲ್ಲ, ತನ್ನ ಮೈಯಲ್ಲೇ ಈಸ್ಟ್ರೋಜನ್ ಮಾಡಿಕೊಳ್ಳುವ ದೊಡ್ಡ ಪ್ರಾಣಿ, ಕುಡಿದ ನೀರಿನ ನ್ಯಾನೊಗ್ರಾಂ ಅದಕ್ಕೆ ಯಾವ ಲೆಕ್ಕ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಬೆಳೆದ ಹಸುವಿನ ಮಟ್ಟಿಗೆ ನಾನೂ ಒಪ್ಪುತ್ತೇನೆ.

ಒಪ್ಪಲಾಗದಿರುವುದು ಹೊಟ್ಟೆಯೊಳಗಿನ ಕರುವಿನ ಮಟ್ಟಿಗೆ. ಸ್ಕಾಟ್‌ಲೆಂಡಿನಲ್ಲಿ ಕೊಳಚೆ ಶುದ್ಧೀಕರಿಸಿದ ಮೇಲೆ ಉಳಿಯುವ ಗಸಿಯನ್ನು ಹುಲ್ಲುಗಾವಲಿಗೆ ಗೊಬ್ಬರವಾಗಿ ಹಾಕುತ್ತಾರೆ. ಅಬರ್ಡೀನಿನ ಪಾಲ್ ಫೌಲರ್, ಸ್ಟೂವರ್ಟ್ ರೈಂಡ್ ಮತ್ತಿತರರು ಅಂಥ ಹುಲ್ಲು ಮೇಯ್ದ ಗಬ್ಬದ ಕುರಿಗಳನ್ನೂ ಮಾಮೂಲಿ ಗೊಬ್ಬರದ ಹುಲ್ಲು ಮೇಯ್ದವನ್ನೂ ಹೋಲಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: 110ನೇ ದಿನಕ್ಕೆ ನೋಡಿದಾಗ ಭ್ರೂಣದ ಅಂಡಾಶಯದ ತೂಕದಲ್ಲಿ ಏನೂ ವ್ಯತ್ಯಾಸವಿಲ್ಲ. ಆದರೆ ಜಿಡಿಎಫ್-9 ಹೊತ್ತ ಅಂಡಾಣುಗಳು ಸುಮಾರು ಕಾಲುಭಾಗ ಕಡಿಮೆ, ಜೀವಕೋಶಗಳನ್ನು ಸಾವಿಗೆ ತಳ್ಳುವ ಪ್ರೋಟೀನ್ ಹೆಚ್ಚು. ಯಾವ ಪ್ರೋಟೀನ್ ಇಲ್ಲದೆ ಇಲಿಯ ಫಾಲಿಕಲ್ ಮೊದಲ ಹಂತ ದಾಟಲಿಲ್ಲವೋ ಅದೇ ಜಿಡಿಎಫ್-9. ಯಾವ ರಾಸಾಯನಿಕವೂ ಒಂದೊಂದಾಗಿ ನೋಡಿದರೆ ಅಪಾಯದ ಮಟ್ಟದಲ್ಲಿರಲಿಲ್ಲ. ಎಲ್ಲವೂ ಸೇರಿ ಮಾಡಿದ ಕೆಲಸ ಅದು. ಕುರಿಗಳ ಸಂಖ್ಯೆ ಸಣ್ಣದು, ಗಸಿ ಹಾಕಿದ ಹುಲ್ಲು ಮೇಯ್ದ ತಾಯಿಗಳು 7, ಹೋಲಿಕೆಗೆ 10. ಆದರೆ ಅದೇ ಬಗೆಯ ಹುಲ್ಲುಗಾವಲಿನ ಮೇಲೆ ನಡೆದ ಮುಂದಿನ ಅಧ್ಯಯನ 2016ರಲ್ಲಿ ಪ್ರಕಟವಾದಾಗಲೂ ಭ್ರೂಣದ ಅಂಡಾಶಯದಲ್ಲಿ ಬದಲಾವಣೆ ಕಂಡಿತು. ಗರ್ಭದ ಯಾವ ತಿಂಗಳಲ್ಲಿ ತಾಯಿ ಆ ಹುಲ್ಲು ಮೇಯ್ದಳು ಎನ್ನುವುದರ ಮೇಲೆ ಬದಲಾವಣೆಯ ಬಗೆ ನಿಂತಿತ್ತು.

ಕೋಲಾರದಲ್ಲಿ ಸ್ಕಾಟ್‌ಲೆಂಡಿನ ಹಾಗೆ ಕೊಳಚೆ ಗಸಿ ಹರಡಿದ ಹುಲ್ಲುಗಾವಲುಗಳಿಲ್ಲ, ನಿಜ. ಆದರೆ ನೀರಿನಲ್ಲಿ ನಿಲ್ಲದ ಇಂಥ ರಾಸಾಯನಿಕಗಳು ಕೂರುವುದು ಕೆರೆಯ ತಳದ ಹೂಳಿನಲ್ಲಿ. ಬೇಸಿಗೆಯಲ್ಲಿ ಆ ಗೋಡುಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುವುದು ನಮ್ಮ ತಲೆಮಾರುಗಳ ಬೇಸಾಯ. ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ ಮೊದಲು ಚಿಗುರುವ ಹುಲ್ಲಿಗೆ ಹಸು, ಕುರಿ ಬಿಡುವುದೂ ಹಾಗೆಯೇ. ಮೇಯುವಾಗ ಹುಲ್ಲಿನ ಜೊತೆ ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಮಳೆನೀರು ಮಾತ್ರ ತುಂಬುತ್ತಿದ್ದ ಕೆರೆಗೆ ಒಪ್ಪುತ್ತಿದ್ದ ರೂಢಿ ಮಹಾನಗರದ ನೀರು ವರ್ಷಗಟ್ಟಲೆ ನಿಂತ ಕೆರೆಗೂ ಒಪ್ಪುತ್ತದೆಯೇ ಎಂದು ಪರೀಕ್ಷಿಸದೆ ಮುಂದುವರಿಸುವುದು ನನಗೆ ತೀರಾ ಅಪಾಯದ ಹಾದಿಯಾಗಿ ಕಾಣುತ್ತದೆ.

ಔಷಧಿ ಹೊಡೆಯುವ ವಿಚಾರದಲ್ಲಿ ನಮ್ಮ ರೇಷ್ಮೆ ಬೆಳೆಗಾರರಿಗೆ ಯಾರೂ ಪಾಠ ಹೇಳಬೇಕಿಲ್ಲ. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದದ್ದು ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಮರುದಿನವೇ ತಟ್ಟೆಯಲ್ಲಿ ಹುಳು ಸಾಯುತ್ತದೆ, ಬೆಳೆ ಹೋಗುತ್ತದೆ, ಜಗಳ ನಡೆಯುತ್ತದೆ. ಅದೇ ಬದುವಿನ ಹುಲ್ಲು ಕೊಯ್ದು ಹಸುವಿಗೆ ಹಾಕಿದರೆ ಏನೂ ಆಗುವುದಿಲ್ಲ. ಏನೂ ಆಗದಂತೆ ಕಾಣುತ್ತದೆ ಎನ್ನಬೇಕು. ಟೊಮೆಟೊ ರೇಟು ಬಿದ್ದಾಗ ರಸ್ತೆಬದಿಗೆ ಸುರಿದ ಹಣ್ಣನ್ನೂ ದನಗಳೇ ತಿನ್ನುತ್ತವೆ. ಕೀಟನಾಶಕಗಳಲ್ಲಿ ಹಲವು ಗ್ರಾನ್ಯುಲೋಸ ಕೋಶಗಳ ಈಸ್ಟ್ರೋಜನ್ ತಯಾರಿಕೆಗೆ ಅಡ್ಡಬರುತ್ತವೆ ಎಂದು ಪ್ರಯೋಗಾಲಯಗಳು ತೋರಿಸಿವೆ. ಅಮೆರಿಕದ ಜೋಡಿ ಫ್ಲಾಸ್ ತಂಡ ಮೆಥಾಕ್ಸಿಕ್ಲೋರ್ ಎಂಬ ಕೀಟನಾಶಕ ಇಲಿಯ ಫಾಲಿಕಲ್ ಬೆಳೆಯದಂತೆ ತಡೆದು ಸಾಯಿಸುವುದನ್ನು ಹಂತಹಂತವಾಗಿ ವಿವರಿಸಿತು. ಆ ಔಷಧಿ ಬಳಕೆಯಿಂದ ಹೋಗಿದೆ. ಆದರೆ ಹಾದಿ ಅದೊಂದರದೇ ಅಲ್ಲ. ಬೋರ್‌ವೆಲ್ಲಿನ ಫ್ಲೋರೈಡ್ ಕೂಡ ಈ ಲೆಕ್ಕದಲ್ಲಿ ಬರಬೇಕು. ನೀರಿನ ಫ್ಲೋರೈಡ್ ಹೆಚ್ಚಿದಾಗ ಹಸುಗಳ ಗಬ್ಬ ಕಟ್ಟುವಿಕೆ ಕುಸಿಯುತ್ತದೆ ಎಂದು ದಕ್ಷಿಣ ಆಫ್ರಿಕಾದಲ್ಲಿ 1966ರಲ್ಲೇ ಬರೆದಿಟ್ಟಿದ್ದಾರೆ. ನಾವು ಫ್ಲೋರೈಡನ್ನು ಮಕ್ಕಳ ಹಲ್ಲಿನಲ್ಲಿ, ಹಿರಿಯರ ಮಂಡಿಯಲ್ಲಿ ಮಾತ್ರ ನೋಡಿದೆವು.

ಇಷ್ಟೆಲ್ಲ ಹಸುವಿನ ಬಗ್ಗೆ ಹೇಳಿದರೂ ಮನಸ್ಸಿನಲ್ಲಿ ಇನ್ನೊಂದು ಕಳವಳ ಇದ್ದೇ ಇದೆ. ಇಲಿಗಿಂತ ಹಸುವಿನ ಅಂಡಾಶಯ ಹೆಂಗಸಿನ ಅಂಡಾಶಯಕ್ಕೆ ಹತ್ತಿರ. ಒಂದು ಸಲಕ್ಕೆ ಒಂದೇ ಅಂಡ, ಹೆಚ್ಚುಕಡಿಮೆ ಅದೇ ಗಾತ್ರದ ಫಾಲಿಕಲ್, ಅದೇ ಬಗೆಯ ಅಲೆಗಳು, ಒಂಬತ್ತು ತಿಂಗಳ ಗರ್ಭ. ಆದ್ದರಿಂದಲೇ ವಿಜ್ಞಾನಿಗಳು ಮನುಷ್ಯರ ಅಂಡಾಶಯ ಅರಿಯಲು ಹಸುವನ್ನು ಮಾದರಿಯಾಗಿ ಬಳಸುತ್ತಾರೆ. ಟೊಮೆಟೊ ಬಿಡಿಸುವ, ಹಾಲು ಕರೆಯುವ, ಅದೇ ಬೋರ್‌ವೆಲ್ಲಿನ ನೀರು ಕುಡಿಯುವ ಹೆಣ್ಣುಮಕ್ಕಳ ಮೈಗೆ ಬೇರೆ ಗಾಳಿ, ಬೇರೆ ನೀರು ಇಲ್ಲ. ಕೊಟ್ಟಿಗೆಯಲ್ಲಿ ಅಳತೆ ಸುಲಭ, ವರ್ಷಕ್ಕೊಂದು ಗಬ್ಬದ ಲೆಕ್ಕ ಸಿಗುತ್ತದೆ. ಅಲ್ಲಿ ಕಂಡದ್ದನ್ನು ಹೊತ್ತಿಗೆ ಸರಿಯಾಗಿ ಓದಿಕೊಳ್ಳಬೇಕು.

ಅಳತೆಗೆ ಬೇಕಾದ ಸಾಧನಗಳು ದೂರದಲ್ಲಿಲ್ಲ. ಎಎಂಎಚ್ ಎಂಬ ಹಾರ್ಮೋನನ್ನು ಬೆಳೆಯುತ್ತಿರುವ ಫಾಲಿಕಲ್‌ಗಳ ಗ್ರಾನ್ಯುಲೋಸ ಕೋಶಗಳೇ ಸ್ರವಿಸುತ್ತವೆ. ರಕ್ತದಲ್ಲಿ ಅದರ ಮಟ್ಟ ನೋಡಿ ದಾಸ್ತಾನು ಅಂದಾಜು ಮಾಡಬಹುದು. ಅಲ್ಟ್ರಾಸೌಂಡಿನಲ್ಲಿ ಫಾಲಿಕಲ್ ಎಣಿಸಲೂ ಬರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಆಡುಗೋಡಿಯಲ್ಲಿ ಪ್ರಾಣಿಗಳ ಪೋಷಣೆ ಮತ್ತು ಶರೀರಕ್ರಿಯೆಯ ರಾಷ್ಟ್ರೀಯ ಸಂಸ್ಥೆಯಿದೆ. ಹಾಲು ಒಕ್ಕೂಟ ಮುಂದೆ ಬಂದು ಕೆ.ಸಿ. ವ್ಯಾಲಿ ನೀರು ಕಂಡ ಹಳ್ಳಿಗಳ ಮತ್ತು ಕಾಣದ ಹಳ್ಳಿಗಳ, 2024ರಲ್ಲಿ ಹುಟ್ಟಿದ ಮತ್ತು ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಹುಟ್ಟಿದ ಕಡಸುಗಳ ರಕ್ತ ತೆಗೆಸಿ ಹೋಲಿಸಿದರೆ ಒಂದೇ ವರ್ಷದಲ್ಲಿ ಚಿತ್ರ ಸಿಗುತ್ತದೆ. ಕೆರೆ ನೀರಿನ, ಹೂಳಿನ ಈಸ್ಟ್ರೋಜನ್ ಗುಣವನ್ನು ಯೀಸ್ಟ್ ಬಳಸಿ ಪತ್ತೆಮಾಡುವ ಪರೀಕ್ಷೆ 1996ರಿಂದ ಜಗತ್ತಿನಲ್ಲಿದೆ. ಸ್ವಿಟ್ಜರ್ಲೆಂಡ್ 2016ರಿಂದ ತನ್ನ ದೊಡ್ಡ ಶುದ್ಧೀಕರಣ ಘಟಕಗಳಲ್ಲಿ ಓಝೋನ್ ಅಥವಾ ಇದ್ದಿಲಿನ ಹೆಚ್ಚುವರಿ ಹಂತವನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದೆ. ಬೆಂಗಳೂರು ತನ್ನ ನೀರನ್ನು ಕೋಲಾರಕ್ಕೆ ಕೊಡುವಾಗ ಆ ಹಂತದ ಖರ್ಚನ್ನೂ ಹೊರುವುದು ನ್ಯಾಯ.

ಅಲ್ಲಿಯ ತನಕ ಮನೆಯಲ್ಲಿ ಮಾಡಬಹುದಾದ್ದು ಇದೆ. ಗಬ್ಬ ನಿಂತ ದಿನದಿಂದ ನಾಲ್ಕು ತಿಂಗಳು, ಹಾಲಿಲ್ಲದಿದ್ದರೂ, ಆ ಹಸುವಿಗೆ ಹಸಿ ಮೇವು, ಹಿಂಡಿ, ಖನಿಜ ಮಿಶ್ರಣ ತಪ್ಪಿಸಬೇಡಿ. ಶೀಟಿನ ಮೇಲೆ ತೆಂಗಿನ ಗರಿಯೋ ರಾಗಿ ಹುಲ್ಲೋ ಹೊದಿಸಿ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಮೈಮೇಲೆ ನೀರು ಹಾಕಿ ಗಾಳಿ ಆಡುವಲ್ಲಿ ಕಟ್ಟಿ. ಔಷಧಿ ಹೊಡೆದ ತೋಟದ ಬದುವಿನ ಹುಲ್ಲನ್ನು ಗಬ್ಬದ ಹಸುವಿಗೆ ಹಾಕಬೇಡಿ. ಕೊಳಚೆ ಶುದ್ಧೀಕರಿಸಿದ ನೀರು ನಿಂತ ಕೆರೆಯ ಹೂಳನ್ನು ಪರೀಕ್ಷೆಯಾಗದೆ ಮೇವಿನ ಹೊಲಕ್ಕೆ ಹೊಡೆಯಬೇಡಿ. ಜೂನ್, ಜುಲೈನಲ್ಲಿ ಗಬ್ಬ ನಿಲ್ಲದ ಹಸುವನ್ನು ಎರಡು ಮೂರು ಬೆದೆ ಕಾಯದೆ ಮಾರಬೇಡಿ. 2024ರಲ್ಲಿ ಹುಟ್ಟಿದ ಕಡಸು ಎರಡನೇ ಸಲವೂ ಗಬ್ಬ ಕಟ್ಟದಿದ್ದರೆ ಮೂರನೆಯ ಸೆಮನ್ನಿಗೆ ಮೊದಲು ಅದರ ಅಂಡಾಶಯ ಸ್ಕ್ಯಾನ್ ಮಾಡಿಸಿ, ಹುಟ್ಟಿದ ತಿಂಗಳು, ತಾಯಿ ತಿಂದ ಮೇವು, ಕುಡಿದ ನೀರು ಯಾವುದೆಂದು ಡಾಕ್ಟರಿಗೆ ಹೇಳಿ ಬರೆಸಿ.